ಮಲ್ಲಿಗೆ ಹಿಡಿದು ಜಪಾನ್ ಬೈಕಿನಲ್ಲಿ ಕಾರ್ಕಳಕ್ಕೆ

ಎಂಬತ್ತರ ದಶಕದ ಒಂದು ಮೇ ತಿಂಗಳು. ಕಾರ್ಕಳದ ತವರಿನಲ್ಲಿ ತಂಗಿ ವನಜಳ ಮದುವೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಉಡುಪಿಯ ಬನ್ನಂಜೆಯ ಮನೆಗೆ ಬೀಗ ಹಾಕಿ, ಇವರ ಬೈಕಿನ ಹಿಂದೆ ಕುಳಿತೆ. ಮದುಮಗಳ ಜಡೆಗೆ ಕಾಪು ಕಡೆಯ ಮಲ್ಲಿಗೆ ತರುವ ಕೆಲಸ ನಮ್ಮದು. ನಮ್ಮ ಮದುವೆಯಾದ ಮೇಲೆ ಅಪ್ಪ ಇವರಿಗೆ ಒಪ್ಪಿಸಿದ ಮೊದಲ ಕೆಲಸ ಅದು.

ಅಪ್ಪನಿಗೆ ಆ ಬೈಕು ಕಂಡರೆ ಆಗುತ್ತಿರಲಿಲ್ಲ. ಕೆಂಪು ಟ್ಯಾಂಕು, ಎರಡು ಸೈಲೆನ್ಸರು. ಗಲ್ಫಿಗೆ ಹೋದ ಸ್ನೇಹಿತರಿಂದ ಇವರು ಕೊಂಡದ್ದು. ಅದು ಸಂಸಾರಸ್ಥರ ಗಾಡಿ ಅಲ್ಲ ಎಂದು ಅಪ್ಪ ನೆಂಟರೆದುರೇ ಹೇಳಿದ್ದರು. ನನಗೋ ಅದು ಗಡಿಯಾರದ ಹಾಗೆ. ಸಂಜೆ ಇವರು ಕೆಲಸ ಮುಗಿಸಿ ಮಣಿಪಾಲದಿಂದ ಇಳಿದು ಬರುವ ಸದ್ದು ದೂರದಲ್ಲೇ ಕೇಳುತ್ತಿತ್ತು, ನಾನು ಕಾಫಿಗೆ ನೀರಿಡುತ್ತಿದ್ದೆ. ಸದ್ದು ಕೇಳಿದ ಪ್ರತಿ ಸಂಜೆಯೂ ಕೃಷ್ಣನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಕಾಪುವಿಗೆ ಹದಿಮೂರು ಕಿಲೋಮೀಟರು. ಮಾರಿಗುಡಿಯ ಎದುರು ಒಂದು ನಿಮಿಷ ನಿಂತು, ಪೇಟೆಯಿಂದ ಒಳಗಿರುವ ಮಲ್ಲಿಗೆ ತೋಟದ ಮನೆಗೆ ಹೋದೆವು. ಸಿಸಿಲಿಯಾ ಬಾಯಿ ನಾಲ್ಕು ಚೆಂಡಿಗೆ ಒಂದರಂತೆ ಮೂರು ಅಟ್ಟೆ ಹೂ ಕಟ್ಟಿ, ಬಾಳೆಲೆಯಲ್ಲಿ ಸುತ್ತಿಟ್ಟಿದ್ದರು. ಬೈಕು ನೋಡಿ ಅವರ ಮುಖ ಸಣ್ಣದಾಯಿತು. "ಇದರಲ್ಲಾ? ಗಾಳಿ ತಾಗಿಸಬೇಡಿ ಅಮ್ಮ. ಮಂಟಪಕ್ಕೆ ಮುಟ್ಟುವಾಗ ಕೆಂಪಾಗುತ್ತದೆ."

ಮೆಲ್ಲ ಹೋಗಿ ಎಂದು ಇವರಿಗೆ ಹತ್ತು ಸಲ ಹೇಳಿದೆ. ಇವರೂ ಕೇಳಿದರು. ಶಿರ್ವ ದಾಟುವಾಗ ಸೈಕಲಿನ ಮುದುಕರೊಬ್ಬರು ನಮ್ಮ ಪಕ್ಕದಲ್ಲೇ ಬರುತ್ತಾ, ಪೆಟ್ರೋಲು ಮುಗಿದಿದೆಯಾ ಎಂದು ವಿಚಾರಿಸಿದರು. ಬೆಳ್ಮಣ್ಣಿನ ಹತ್ತಿರದ ಏರಿನಲ್ಲಿ ಬೈಕು ನಾಲ್ಕು ಸಲ ಕೆಮ್ಮಿ ನಿಂತೇ ಹೋಯಿತು.

ಸುಡುವ ಬಿಸಿಲು. ಮುಹೂರ್ತಕ್ಕೆ ಒಂದೂವರೆ ಗಂಟೆ ಉಳಿದಿತ್ತು. ಮಲ್ಲಿಗೆ ಇಲ್ಲದೆ ವನಜ ಮಂಟಪಕ್ಕೆ ಬಂದರೆ ಇವರ ಮರ್ಯಾದೆ ಆ ಮನೆಯಲ್ಲಿ ಇನ್ನು ಮೇಲೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಇವರು ಹೊಸ ಶಲ್ಯ ತೆಗೆದು ನನ್ನ ಹೆಗಲಿಗೆ ಹಾಕಿ, ಪ್ಲಗ್ಗು ಬಿಚ್ಚಿದರು. ಎಣ್ಣೆ ಕುಳಿತು ಕಪ್ಪಾಗಿತ್ತು.

"ನನ್ನಿಂದಲೇ ಆಯಿತಾ?" ಎಂದೆ.

"ಇದು ಓಡಲಿಕ್ಕೆ ಹುಟ್ಟಿದ ಜಾತಿ ಮಾರಾಯ್ತಿ. ಮೆಲ್ಲ ಬಿಟ್ಟರೆ ಉಸಿರು ಕಟ್ಟುತ್ತದೆ."

"ಮೊದಲೇ ಹೇಳಬಾರದಿತ್ತಾ?"

"ನೀನು ಹೆದರುತ್ತೀ ಅಲ್ವಾ."

ಇವರು ಪ್ಲಗ್ಗು ಉಜ್ಜಿ ಮತ್ತೆ ಹಾಕಿ ಬೈಕು ಚಾಲೂ ಮಾಡುವಷ್ಟರಲ್ಲಿ, ನಾನು ಹತ್ತಿರದ ಬಾವಿಕಟ್ಟೆಯಲ್ಲಿ ಚೀಲದ ಬೈರಾಸು ಟವೆಲನ್ನು ಒದ್ದೆ ಮಾಡಿ ಹೂವಿನ ಕಟ್ಟಿಗೆ ಸುತ್ತಿದೆ. ಅದನ್ನು ಇವರ ಬೆನ್ನಿಗೂ ನನ್ನ ಎದೆಗೂ ನಡುವೆ ಇಟ್ಟು, ಮೇಲೆ ಸೆರಗು ಬಿಗಿದೆ. ಇವರ ಬೆನ್ನು ಅಗಲ. ಗಾಳಿ ನುಗ್ಗಲು ಜಾಗವಿರಲಿಲ್ಲ. "ಈಗ ಬಿಡಿ, ಅದಕ್ಕೆ ಬೇಕಾದ ಹಾಗೆ ಬಿಡಿ" ಎಂದು ಕಣ್ಣು ಮುಚ್ಚಿ ಮಾರಿಯಮ್ಮನನ್ನು ನೆನೆದೆ. ಸ್ವಲ್ಪ ಹೊತ್ತಿಗೆ ಕಣ್ಣು ತಾನಾಗಿಯೇ ತೆರೆಯಿತು. ಗೇರುಮರಗಳು, ಗುಡ್ಡಗಳು, ಬಸ್ಸುಗಳು ಎಲ್ಲ ಹಿಂದಕ್ಕೆ. ಹೆದರಿಕೆ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ.

ಕಾರ್ಕಳದಲ್ಲಿ ಅಮ್ಮ ಕಟ್ಟು ಬಿಚ್ಚಿದಾಗ ಹೊರಗಿನ ಒಂದು ಎಳೆ ಮಾತ್ರ ಬಾಡಿತ್ತು. ಉಳಿದದ್ದು ಬೆಳ್ಳಗೆ ಹಾಗೇ ಇತ್ತು. ಅಪ್ಪ ಇವರ ಕೈಯ ಕರಿ ನೋಡಿ, ಸಾಬೂನು ಕೊಡಲು ಅಮ್ಮನಿಗೆ ಹೇಳಿದರು, ಅಷ್ಟೆ. ಊಟ ಮುಗಿಸಿ ಬಂದು ನೋಡಿದರೆ ಬೈಕು ಬಿಸಿಲಿನಲ್ಲಿ ಇರಲಿಲ್ಲ. ಅಡುಗೆಯವರ ಹಂಡೆಗಳನ್ನು ಸರಿಸಿ, ಅಪ್ಪನೇ ಅದನ್ನು ಚಪ್ಪರದ ನೆರಳಿಗೆ ತಳ್ಳಿಸಿದ್ದರಂತೆ.

ಸಂಜೆ ಹೊರಟಾಗ ಅಪ್ಪ ರಸ್ತೆಯವರೆಗೆ ಬಂದರು. ಟ್ಯಾಂಕಿನ ಮೇಲೆ ಕೈಯಿಟ್ಟು, ಬೇರೆಲ್ಲೋ ನೋಡುತ್ತಾ, "ಸೋಮವಾರ ಮಣಿಪಾಲಕ್ಕೆ ಕಣ್ಣು ತೋರಿಸಲು ಹೋಗಲಿಕ್ಕುಂಟು. ಬಸ್ಸಿನಲ್ಲಿ ಭಾರೀ ರಶ್ಶು" ಎಂದರು.

"ನಾನೇ ಬರುತ್ತೇನೆ ಮಾವ" ಎಂದರು ಇವರು.

ಬೈಕು ಹೊರಟಿತು. ತಿರುವಿನಲ್ಲಿ ಹಿಂದೆ ನೋಡಿದೆ. ಹಿಂದೆ ಕುಳಿತವರು ಎಲ್ಲಿ ಹಿಡಿದುಕೊಳ್ಳಬೇಕು ಎಂದು ಅಪ್ಪ ಅಮ್ಮನಿಗೆ ತೋರಿಸುತ್ತಿದ್ದರು.