ನಾಜಲ್ಲಿನ ಬಾಯಿಗೆ ಕಣಕ

ಕಳೆದ ಮಂಗಳವಾರ ನಮ್ಮ ಹತ್ತಿ ಮಿಲ್ಲಿನ ಬೆಂಕಿ ನಂದಿಸುವ ಪೈಪಿನ ನಾಜಲ್ಲಿನೊಳಗಿಂದ ಹದಿನೇಳು ಊದಿನಕಡ್ಡಿಯ ತುಂಡುಗಳು ಹೊರಬಂದವು. ಎಣಿಸಿದವನು ನಾನೇ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮನೆಯಲ್ಲಿ ಗ್ಯಾಸಿನ ರೆಗ್ಯುಲೇಟರನ್ನು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೇನೆ. ("ನಿಮಗೇನ ಬಡದೈತ್ರಿ" ಎಂದು ಹೆಂಡತಿ ಕೇಳಿಯಾಯಿತು.)

ನಾನು ಬೈಲಹೊಂಗಲದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲೊಂದರಲ್ಲಿ ಸುಪರ್‌ವೈಸರ್ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಗೇಟಿನ ಪಕ್ಕ ನನ್ನ ಟೇಬಲ್ಲು. ಹಿಂದಿನ ಗೋಡೆಯ ಮೊಳೆಗೆ ಹಿತ್ತಾಳೆಯ ನಾಜಲ್ಲು. ಎರಡು ಅಡಿ ಉದ್ದ, ಬುಡ ಅಗಲ, ಬಾಯಿ ಸಣ್ಣದು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದರಲ್ಲಿ ಮುಖ ನೋಡಿಕೊಳ್ಳಬಹುದು. ನಾನು ತಲೆಯನ್ನೂ ಬಾಚಿಕೊಂಡಿದ್ದೇನೆ.

ರುದ್ರಣ್ಣ ಬರದಿದ್ದರೆ ಅದು ಹಾಗೆಯೇ ಹೊಳೆಯುತ್ತ ಇರುತ್ತಿತ್ತು. ಅವನು ನನ್ನ ದೊಡ್ಡಪ್ಪನ ಮಗ. ಅಗ್ನಿಶಾಮಕ ದಳದಲ್ಲಿ ಇಡೀ ಸರ್ವಿಸ್ ಮುಗಿಸಿ ಈಗ ರಾಮದುರ್ಗದಲ್ಲಿದ್ದಾನೆ. ಭೇಟಿಗೆಂದು ಬಂದವನು ಚಹಾದ ಕಪ್ಪು ಕೆಳಗಿಟ್ಟು ಗೋಡೆ ನೋಡಿದ.

"ತಮ್ಮಾ, ಇದರಾಗ ನೀರ ಯಾವಾಗ ಬಿಟ್ಟಿದ್ದಿ?"

"ವರ್ಷಾ ಚೆಕ್ ಮಾಡತೇನಿ ಅಣ್ಣಾ."

"ನಾ ಕೇಳಿದ್ದು ನೀರ ಬಿಟ್ಟಿಯೇನ ಅಂತ."

ಬಿಟ್ಟಿರಲಿಲ್ಲ. ನನ್ನ ಚೆಕ್ ಎಂದರೆ ಮೊಳೆಯ ಮೇಲೆ ನಾಜಲ್ ಇದೆಯೋ ಇಲ್ಲವೋ ಎಂದು ಕುರ್ಚಿಯಿಂದಲೇ ನೋಡುವುದು, ರಜಿಸ್ಟರಿನಲ್ಲಿ "ಸುಸ್ಥಿತಿಯಲ್ಲಿದೆ" ಎಂದು ಬರೆದು ಸಹಿ ಹಾಕುವುದು. ನೀವು ಮಾಡುವ ಚೆಕ್ಕುಗಳು ಇದಕ್ಕಿಂತ ಬೇರೆಯೇ?

ಪೈಪಿಗೆ ಜೋಡಿಸಿ ಪಂಪ್ ಚಾಲೂ ಮಾಡಿದೆವು. ಪೈಪು ಉಬ್ಬಿತು. ನಾಜಲ್ಲಿನಿಂದ ನಾಲ್ಕು ಹನಿ ಬಂತು. ಆಮೇಲೆ ಜಾಯಿಂಟ್ ಕಿತ್ತುಕೊಂಡು ನಾವಿಬ್ಬರೂ ತೊಯ್ದು ತೊಪ್ಪೆ. ಸೀಜನ್ನಿಗೆ ಮುಂಚೆ ಮಿಲ್ ಗುಡಿಸಲು ಬಂದಿದ್ದ ಗಂಗವ್ವ ಮತ್ತವಳ ಜೊತೆಯ ಹೆಣ್ಣುಮಕ್ಕಳು ಬಾಯಿಗೆ ಸೆರಗಿಟ್ಟು ನಕ್ಕರು. ರುದ್ರಣ್ಣ ನಗಲಿಲ್ಲ. ನಾಜಲ್ಲಿನ ಬಾಯಿಗೆ ತಂತಿ ಹಾಕಿ ಕೆದಕಿದ. ಕಲ್ಲಿನಂತಾಗಿದ್ದ ಕಣಕ ಬಂತು, ಅದರ ತುಂಬ ಊದಿನಕಡ್ಡಿ.

ಖಂಡೇನವಮಿಯ ಆಯುಧಪೂಜೆಗೆ ನಮ್ಮಲ್ಲಿ ಮಷೀನು, ತಕ್ಕಡಿ, ನಟ್ಟು ಬಿಚ್ಚುವ ಪಾನಾ ಎಲ್ಲಕ್ಕೂ ಪೂಜೆ. ನಾಜಲ್ಲಿಗೆ ವಿಶೇಷ ಗೌರವ: ಬಾಯಿ ಮೇಲೆ ಮಾಡಿ ನಿಲ್ಲಿಸಿ ಅದರಲ್ಲೇ ಊದಿನಕಡ್ಡಿ ಹಚ್ಚುವುದು. ಕಡ್ಡಿ ನೆಟ್ಟಗೆ ನಿಲ್ಲಲೆಂದು ಬಾಯಿಗೆ ಕಣಕ ತುರುಕುವ ಐಡಿಯಾ ಯಾರದು? ನನ್ನದೇ. ಪ್ರತಿ ವರ್ಷ ಗೋಧಿಹಿಟ್ಟು ನಾದಿಸಿಕೊಂಡು ಮನೆಯಿಂದ ಒಯ್ಯುತ್ತಿದ್ದೆ. ಮೇಲಿನ ಪದರ ಈ ವರ್ಷದ್ದು, ಇನ್ನೂ ಬೆಳ್ಳಗಿತ್ತು. (ಬೆಂಕಿ ಆರಿಸುವ ವಸ್ತುವಿನ ಬಾಯಿಗೇ ಬೆಂಕಿ ಇಟ್ಟು ಕೈ ಮುಗಿದವರು ಬೇರೆ ಯಾರಾದರೂ ಇದ್ದರೆ ತಿಳಿಸಿ.)

ತೊಳೆದು ಮತ್ತೆ ಜೋಡಿಸಿದೆವು. ಈಗ ನೀರು ಸರಳಿನ ಹಾಗೆ ನೆಟ್ಟಗೆ ಹಾರಿತು. ನನಗೆ ಹೋದ ಜೀವ ಬಂತು. ರುದ್ರಣ್ಣನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಅಂಗಳದಲ್ಲಿ ಹಳೆಯ ಹತ್ತಿಯ ಗುಡ್ಡೆ ಹಾಕಿಸಿ ಅದಕ್ಕೆ ನೀರು ಹೊಡೆದ. ಗುಡ್ಡೆ ಚೂರುಚೂರಾಗಿ ನಾಲ್ಕೂ ದಿಕ್ಕಿಗೆ ಹಾರಿತು. ಒಂದು ಮುದ್ದೆ ಗಂಗವ್ವನ ತಲೆಯ ಮೇಲೆ ಬಿತ್ತು.

"ಇದಕ್ಕ ಬೆಂಕಿ ಹತ್ತಿತ್ತಂದ್ರ?" ಎಂದ ರುದ್ರಣ್ಣ. "ಮನೀ ಬೆಂಕಿ ಆರಸಾಕ ಈ ನಾಜಲ್ ನಡೀತೈತಿ. ಹತ್ತಿಗೆ ಹೊಡದ್ರ ಊರಿಗೆಲ್ಲಾ ಬೆಂಕಿ ಹಂಚಿದಂಗ."

ಗಂಗವ್ವ ತಲೆಯ ಮೇಲಿನ ಹತ್ತಿ ತೆಗೆದು ಕೈಯಲ್ಲೇ ಹಿಡಿದು ನಿಂತಿದ್ದಳು. ಈಗ ನಗುತ್ತಿರಲಿಲ್ಲ. ಸೀಜನ್ನಿನಲ್ಲಿ ಅವಳು ಹತ್ತಿಯ ಕಸ ಆರಿಸುವುದು ಮಿಲ್ಲಿನ ತೀರ ಒಳಗೆ, ಒಂದೇ ಬಾಗಿಲಿನ ಕೋಣೆಯಲ್ಲಿ. ಇಪ್ಪತ್ತು ಹೆಣ್ಣುಮಕ್ಕಳು. ಬಾಗಿಲಿನೆದುರಿಗೇ ಹತ್ತಿಯ ರಾಶಿ. ಬೆಂಕಿ ಆರಿಸುವ ಗಾಡಿ ಬರಬೇಕೆಂದರೆ ಮೊದಲು ನಮ್ಮ ಫೋನಿಗೆ ಡಯಲ್ ಟೋನ್ ಬರಬೇಕು. ಅಲ್ಲಿಯತನಕ ಅವರಿಗೆ ಈ ನಾಜಲ್ ಒಂದೇ ಗತಿ. ಇದು ನನಗೆ ಅವತ್ತೇ ಮೊದಲ ಸಲ ಹೊಳೆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಲೇಥ್ ಅಂಗಡಿಯ ದಸ್ತಗೀರ್ ಸಾಹೇಬರ ಬಳಿ ಓಡಿದೆ. ನಾಜಲ್ಲಿಗೆ ಹೊಸ ತುದಿ ಮಾಡಿ ಅದರ ಒಳಗೆ ಓರೆಯಾಗಿ ಗೀರು ಕೊರೆದರೆ ನೀರು ಸುತ್ತಿಕೊಂಡು ಹನಿಹನಿಯಾಗಿ ಹರಡುತ್ತದೆ ಎಂದು ರುದ್ರಣ್ಣ ಚಿತ್ರ ಬರೆದುಕೊಟ್ಟ. ಮೊದಲನೆಯ ತುದಿ ಛತ್ರಿಯಂತೆ ನೀರು ಹರಡಿತು, ಆದರೆ ನಮ್ಮ ಕಾಲಬುಡದಲ್ಲೇ.

"ಅಂಗಳಕ್ಕ ನೀರ ಹೊಡ್ಯಾಕ ಬೇಶ್ ಐತಿ ಬಿಡ್ರಿ," ಎಂದು ತಾವೇ ಹೇಳಿ ದಸ್ತಗೀರ್ ಸಾಹೇಬರು ಇನ್ನೊಂದು ಕೊರೆಯಲು ಕೂತರು.

ಎರಡನೆಯದನ್ನು ಮಿಲ್ಲಿನ ಅಂಗಳದಲ್ಲಿ ಪರೀಕ್ಷಿಸುವಾಗ ಗಂಗವ್ವ ಮುಂದೆ ಬಂದಳು. "ನಮ್ಮ ಕೈಯಾಗ ಕೊಡ್ರಿ. ಹೊತ್ತ ಬಂದ್ರ ಹಿಡ್ಯಾವ್ರು ನಾವ."

ಕೊಟ್ಟೆವು. ನೀರಿನ ರಭಸಕ್ಕೆ ಮೊದಲು ಎರಡು ಹೆಜ್ಜೆ ಹಿಂದೆ ಸರಿದಳು, ಆಮೇಲೆ ಕಾಲೂರಿ ನಿಂತಳು. ಮತ್ತೆ ಹಾಕಿಸಿದ್ದ ಹತ್ತಿಯ ಗುಡ್ಡೆ ಹಾರಲಿಲ್ಲ, ಕೂತಲ್ಲೇ ತೊಯ್ದು ಕುಸಿಯಿತು. ಪೈಪು, ನಾಜಲ್ ಎರಡನ್ನೂ ನನ್ನ ಗೋಡೆಯಿಂದ ತೆಗೆಸಿ ಅವರ ಕೋಣೆಯೊಳಗೆ ಹಾಕಿಸಿದೆ.

ಹುರುಪಿನಿಂದ ಗೇಟಿನ ಪಕ್ಕದ ನನ್ನ ಟೇಬಲ್ಲಿಗೆ ಬಂದು ರಜಿಸ್ಟರ್ ಬಿಚ್ಚಿ, "ಸುಸ್ಥಿತಿಯಲ್ಲಿದೆ" ಎಂದು ಬರೆದೆ. ಮೊದಲ ಸಲ ನಿಜ ಬರೆಯುತ್ತಿದ್ದೆ. ಹಿಂದೆಯೇ ಬಂದಿದ್ದ ಗಂಗವ್ವ ಬಗ್ಗಿ ನೋಡಿದಳು. ಅವಳಿಗೆ ಓದಲು ಬಾರದು. ಹಿಂದಿನ ವರ್ಷಗಳ ಸಾಲುಗಳ ಮೇಲೆ ಬೆರಳಿಟ್ಟಳು.

"ಇವೂ ನಿಮ್ಮ ಸಹೀನ ಏನ್ರಿ?"

"ಹೂಂ."

"ಆವಾಗೆಲ್ಲಾ ನಾವ ಒಳಗ ಕುಂತಿದ್ವಿ. ನೀವ ಎಲ್ಲಿ ಕುಂತಿದ್ರಿ ಸಾಹೇಬ್ರ?"