ಸೂಲಗಿತ್ತಿಯ ಮಗನ ಶಿಷ್ಯ

ಶ್ರೀಕಂಠ ಮೇಷ್ಟ್ರು ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ, ಇನ್ನೊಂದು ಪ್ರಶ್ನೆ ಕೊಡುತ್ತಿದ್ದರು. "ಕಾಫಿ ಕುಡೀತೀರಾ ಸರ್?" ಎಂದರೆ, "ಈ ಹೊತ್ತಲ್ಲಿ ಕುಡಿದವನಿಗೆ ನಿದ್ದೆ ಬರತ್ತಾ?" ಎನ್ನುವರು. ಅವರ ಹೆಂಡತಿ ಲಲಿತಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು ಕಣಮ್ಮ. ಇವರಿಗೆ ಚಪಾತಿ ಬೇಕಾ ಅನ್ನ ಬೇಕಾ ಅಂತ ನಂಗಿನ್ನೂ ಗೊತ್ತಾಗಿಲ್ಲ!"

ಮೈಸೂರಿನಿಂದ ಬಂದ ಅವರು ಮೆಲ್ಬರ್ನಿನ ಕಾಲೇಜೊಂದರಲ್ಲಿ ಶಿಕ್ಷಕರಾಗುವವರಿಗೆ ಶಿಕ್ಷಣದ ಇತಿಹಾಸ ಕಲಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ವಿದ್ಯಾರ್ಥಿನಿ. ಮೊದಲ ದಿನವೇ ಬೋರ್ಡಿನ ಮೇಲೆ ಟ್ರಾಮ್ ದಾರಿಯೊಂದನ್ನು ಎಳೆದು ಐದು ಸ್ಟಾಪ್ ಗುರುತಿಸಿದರು. ಮಕ್ಕಳನ್ನು ಸಿಪಾಯಿಗಳಾಗಿ ಬೆಳೆಸಿದ ಸ್ಪಾರ್ಟಾ, ಊರೂರು ತಿರುಗಿ ಮಾತುಗಾರಿಕೆ ಕಲಿಸಿದ ಸೋಫಿಸ್ಟರು, ಸಾಕ್ರಟೀಸ್, ಅಕಾಡೆಮಿ ಕಟ್ಟಿದ ಪ್ಲೇಟೋ, ನಡೆದಾಡುತ್ತ ಪಾಠ ಹೇಳಿದನೆಂಬ ಅರಿಸ್ಟಾಟಲ್. "ನಿಮ್ಮ ಮಗುವನ್ನ ಯಾವ ಸ್ಟಾಪಲ್ಲಿ ಇಳಿಸ್ತೀರಿ?" ಎಂದು ಇಡೀ ತರಗತಿಯನ್ನು ಕೇಳಿದರು. ವರ್ಷವಿಡೀ ನಾವು ಜಗಳವಾಡಿದ್ದು ಅದೊಂದೇ ಪ್ರಶ್ನೆಯ ಮೇಲೆ.

ಅವರ ಸ್ಟಾಪ್ ಸಾಕ್ರಟೀಸ್ ಎಂದು ಎಲ್ಲರಿಗೂ ತಿಳಿದಿತ್ತು. "ಅವನಮ್ಮ ಸೂಲಗಿತ್ತಿ. ಸೂಲಗಿತ್ತಿ ಮಗೂನ ಕೊಡ್ತಾಳಾ? ಒಳಗಿರೋದು ಹೊರಗೆ ಬರೋಕೆ ಕೈ ಹಿಡೀತಾಳೆ, ಅಷ್ಟೇ. ಮೇಷ್ಟ್ರ ಕೆಲಸಾನೂ ಅಷ್ಟೇ," ಎನ್ನುತ್ತಿದ್ದರು. ಆದರೂ ತಿಂಗಳಿಗೊಂದು ಭಾನುವಾರ ಅರಿಸ್ಟಾಟಲನ ಹಾಗೆ, ತಮ್ಮ ಬಡಾವಣೆ ಗ್ಲೆನ್ ವೇವರ್ಲಿಯ ಸುತ್ತಲಿನ ಕನ್ನಡದ ಮಕ್ಕಳನ್ನೆಲ್ಲ ಕರೆದುಕೊಂಡು ನಡೆಯಲು ಹೊರಡುತ್ತಿದ್ದರು. ಅವರು ಕನ್ನಡದಲ್ಲಿ ಕೇಳುವರು, ಮಕ್ಕಳು ಇಂಗ್ಲಿಷಿನಲ್ಲಿ ವಾದಿಸುವರು. ಮುಂದೆ ನನ್ನ ಮಗಳು ಅನು ಹುಟ್ಟಿ ಮಾತು ಕಲಿತದ್ದೂ ಆ ನಡಿಗೆಗಳಲ್ಲೇ.

ನಾವು ಸಿಡ್ನಿಗೆ ಬಂದ ಮೇಲೆ ಒಮ್ಮೆ ಅವರು ನಮ್ಮಲ್ಲಿಗೆ ಬಂದರು. ಅನುವಿಗೆ ಆಗ ಒಂಬತ್ತು. ಸಮುದ್ರದಂಚಿನ ಬಂಡೆಗಳ ಮೇಲೆ ಎಲ್ಲರೂ ನಡೆಯುತ್ತಿದ್ದೆವು. "ಅನು, ಈ ಕಲ್ಲು ಪದರಪದರ ಇದೆಯಲ್ಲ, ಕೆಳಗಿನ ಪದರಾನೂ ಇದೇ ಬಣ್ಣ ಇರತ್ತಾ?" ಎಂದು ಕೇಳಿ ಅವರು ಮುಂದೆ ನಡೆದರು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದೆ. ತಲೆಯೆತ್ತಿದಾಗ ಅನು ಇರಲಿಲ್ಲ.

ಅವಳು ನೋಡಲು ಇಳಿದಿದ್ದಳು. ನಮಗಿಂತ ಎರಡಾಳು ಕೆಳಗೆ, ಒದ್ದೆಯಾದ ಗೇಣಗಲದ ಅಂಚಿನ ಮೇಲೆ ಬಂಡೆಗೆ ಅಂಟಿಕೊಂಡು ನಿಂತಿದ್ದಳು. ಅದರ ಕೆಳಗೆ ನೀರು. "ಅಲ್ಲೇ ಇರು!" ಎಂದು ನನ್ನ ಗಂಡ ಮೋಹನ್ ಚೀರಿದರು. "ಮೇಲೆ ಬಾ!" ಎಂದು ನಾನು ಚೀರಿದೆ. ಯಾರ ಮಾತು ಕೇಳಬೇಕೆಂದು ತಿಳಿಯದೆ ಅವಳು ಹೊರಳಿದಳು. ಕಾಲು ಜಾರಿತು. ಹರಳುಗಳು ಉದುರಿದವು.

"ಇಬ್ಬರೂ ಬಾಯಿ ಮುಚ್ಚಿ!" ಮೇಷ್ಟ್ರು ಬಂಡೆಯ ಮೇಲೆ ಬೋರಲಾಗಿ ಮಲಗಿದರು. ಆಮೇಲೆ ತರಗತಿಯ ಅದೇ ಸಾವಧಾನದ ದನಿ.

"ಅನು, ಬಲಗಾಲ ಕೆಳಗಿನ ಕಲ್ಲು ಅಲ್ಲಾಡ್ತಿದೆಯಾ?"

"ನೋ."

"ಎಡಗಾಲಿಂದು?"

"ಎ ಬಿಟ್."

"ಹಾಗಾದ್ರೆ ಭಾರ ಯಾವುದರ ಮೇಲಿರಬೇಕು?"

"ರೈಟ್ ವನ್."

"ಸರಿ. ಕೈಗೆ ಹಿಡಿಯೋಕೆ ಏನು ಸಿಗತ್ತೆ?"

"ಎ ಹೋಲ್, ಅಂಕಲ್."

"ಬೆರಳು ಒಳಗೆ ಹೋಗತ್ತಾ?"

ಹೀಗೆ ಒಂದೊಂದೇ ಪ್ರಶ್ನೆಗೆ ಒಂದೊಂದೇ ಹೆಜ್ಜೆ ಏರಿ ಅವಳು ಮೇಲೆ ಬಂದಳು. ಕೊನೆಗೆ ಅವಳ ಮಣಿಕಟ್ಟು ಅವರ ಕೈಗೆ ಸಿಕ್ಕಿತು. ಈಗಲೂ ಪಾತ್ರೆ ತೊಳೆಯುವಾಗ, ಸಿಗ್ನಲಿನಲ್ಲಿ ಕಾರು ನಿಲ್ಲಿಸಿದಾಗ ಆ ಹರಳುಗಳ ಸದ್ದು ಕೇಳುತ್ತದೆ. ಪ್ರತಿ ಸಲವೂ ನಾನು "ಮೇಲೆ ಬಾ" ಎನ್ನುತ್ತೇನೆ, ಪ್ರತಿ ಸಲವೂ ಅವಳು ಹೊರಳುತ್ತಾಳೆ.

ಮನೆಗೆ ಬಂದ ಮೇಲೆ ಮೋಹನ್ ಮೇಷ್ಟ್ರ ಕೈ ಹಿಡಿದುಕೊಂಡು, "ಸರ್, ನಿಮ್ಮಿಂದ ಉಳಿದಳು," ಎಂದರು.

"ನನ್ನಿಂದಾನೇ ಇಳಿದಳು, ಮೋಹನ್." ಕೈ ಬಿಡಿಸಿಕೊಂಡು ಹೇಳಿದರು: "ಹುಡುಗರನ್ನ ಕೆಡಿಸಿದ ಅಂತ ಅಥೆನ್ಸಿನವರು ಸಾಕ್ರಟೀಸನಿಗೆ ವಿಷ ಕುಡಿಸಿದ್ರು. ಮೂವತ್ತು ವರ್ಷ ಕ್ಲಾಸಲ್ಲಿ ನಿಂತು ಆ ಜನಾನ ಬೈದೆ. ಆ ಹುಡುಗರ ತಾಯಂದಿರನ್ನ ಒಂದು ಸಲಾನೂ ನೆನೆಸ್ಕೊಳ್ಳಲಿಲ್ಲ."

ಸಮಾಧಾನ ಹೇಳಬಹುದಿತ್ತು, ಆದರೆ ನನ್ನೊಳಗೆ ಸಿಟ್ಟಿತ್ತು. ಅಂದಿನಿಂದ ಮೆಲ್ಬರ್ನಿನ ನಡಿಗೆಗಳು ನಿಂತವು. ನಮ್ಮ ಮನೆಯಲ್ಲೂ ಬಹಳಷ್ಟು ನಿಂತಿತು. ಅನು ಮರ ಹತ್ತಕೂಡದು, ಈಜಕೂಡದು, ಶಾಲೆಯ ಕ್ಯಾಂಪಿಗೆ ಹೋಗಕೂಡದು. ಎರಡು ವರ್ಷ ಅನುಮತಿ ಪತ್ರಕ್ಕೆ ಸಹಿ ಹಾಕದೆ ಹಿಂದಿರುಗಿಸಿದೆ. ಅವಳು ಮೊದಮೊದಲು ಯಾಕೆ ಎಂದಳು. ಆಮೇಲೆ ಅದನ್ನೂ ಬಿಟ್ಟಳು. ಹೇಳಿದ್ದಕ್ಕೆಲ್ಲ "ಓಕೆ ಅಮ್ಮ" ಅಷ್ಟೆ.

ಮೇಷ್ಟ್ರಿಗೆ ಕಾಯಿಲೆ ಎಂದು ತಿಳಿದು ಮೆಲ್ಬರ್ನಿಗೆ ಒಬ್ಬಳೇ ಹೋದೆ. ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದರು. ನನ್ನ ಮುಖವನ್ನೇ ನೋಡುತ್ತ, "ಅನು ಈಗಲೂ ಪ್ರಶ್ನೆ ಕೇಳ್ತಾಳಾ?" ಎಂದರು.

"ಅಯ್ಯೋ, ತಲೆ ತಿಂತಾಳೆ ಸರ್," ಎಂದೆ.

ಎಷ್ಟು ಸಲೀಸಾಗಿ ಸುಳ್ಳು ಬಂತು! ಅವರು ಕಣ್ಣು ಮುಚ್ಚಿಕೊಂಡು ನಕ್ಕರು. ನಂಬಿದರೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಸಿಡ್ನಿಗೆ ಹಿಂದಿರುಗಿ, ಆ ವರ್ಷದ ಕ್ಯಾಂಪಿನ ಪತ್ರವನ್ನು ಅನುವಿನ ಬ್ಯಾಗಿನಿಂದ ನಾನೇ ಹುಡುಕಿ ತೆಗೆದೆ. ನನಗೆ ತೋರಿಸುವ ಗೋಜಿಗೂ ಅವಳು ಹೋಗಿರಲಿಲ್ಲ. ಸಹಿ ಹಾಕಿ ಮತ್ತೆ ಬ್ಯಾಗಿನಲ್ಲಿಟ್ಟೆ. ಬಸ್ಸು ಬೆಟ್ಟದ ಕಡೆಗೆ ಹೊರಟ ಮೇಲೆ ಮೂರು ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಲಲಿತಮ್ಮನ ಫೋನ್ ಬಂತು. "ಹೋಗಿಬಿಟ್ರು ಕಣಮ್ಮ," ಎಂದರು.

ಅನು ಬಂದದ್ದು ಮಧ್ಯಾಹ್ನ. ಮೊಣಕಾಲು ತರಚಿತ್ತು, ಶೂ ತುಂಬ ಕೆಸರು. ಬ್ಯಾಗ್ ಕೆಳಗಿಡುವ ಮೊದಲೇ ಶುರುಮಾಡಿದಳು. ಜಿಗಣೆ ಕಚ್ಚಿದರೆ ನೋವೇಕೆ ಆಗುವುದಿಲ್ಲ? ಬೆಟ್ಟ ದೂರದಿಂದ ನೀಲಿಯಾಗಿ ಕಾಣುವುದೇಕೆ? ನಾನು ಗೋಡೆಗೊರಗಿ ನಿಂತು ಕೇಳಿದೆ. ಮೇಷ್ಟ್ರ ಸುದ್ದಿಯನ್ನು ಒಂದು ಗಂಟೆ ತಡವಾಗಿ ಹೇಳಿದೆ.