ಆಸ್ಟಿನ್ ಸುತ್ತಿಕೊಂಡು ಡಲ್ಲಾಸಿಗೆ
ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಸೂರ್ಯನಾರಾಯಣ ಅಂಕಲ್ ರಿಟೈರ್ ಆಗಿ ಎಂಟು ವರ್ಷವಾಯಿತು, ಅವರ ಕಾಲಲ್ಲಿರುವ ಚಕ್ರ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಸೋಮವಾರ ವಾಕಿಂಗ್ ಬಳಗ, ಬುಧವಾರ ಇಸ್ಪೀಟು, ಬೇಸಿಗೆಗೆ ಅಲಾಸ್ಕಾ ಪ್ಲಾನು, ಯುಗಾದಿಗೆ ಡಲ್ಲಾಸಿನ ಕನ್ನಡ ಕೂಟ. ವ್ಯಾನೂ ಅವರದೇ, ಪುಳಿಯೋಗರೆಯೂ ಅವರದೇ. ಹ್ಯೂಸ್ಟನ್ನಿನಿಂದ ಡಲ್ಲಾಸಿಗೆ ನೇರ ದಾರಿಯಲ್ಲಿ ನಾಲ್ಕೇ ಗಂಟೆ. ಅಂಕಲ್ ಆಸ್ಟಿನ್ ಸುತ್ತಿಕೊಂಡು ಏಳು ಗಂಟೆ ಎಳೆಯುತ್ತಾರೆ. "ಆಸ್ಟಿನ್‌ನಲ್ಲಿ ಕಾಫಿ ಚೆನ್ನಾಗಿರುತ್ತಮ್ಮಾ" ಎಂದು ಸಮಜಾಯಿಷಿ ಬೇರೆ. ಆ ಕಾಫಿಯನ್ನೂ ಅರ್ಧ ಕುಡಿದು ಚೆಲ್ಲುತ್ತಾರೆ. ಅದೂ ಸಾಲದೆಂದು ಅರ್ಧ ಗಂಟೆಗೊಮ್ಮೆ ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ, "ಯಾರಿಗಾದ್ರೂ ಇಳೀಬೇಕಾ? ಸಂಕೋಚ ಬೇಡ" ಎನ್ನುತ್ತಾರೆ, ಎಲ್ಲರೂ ಬೇಡವೆಂದರೂ ನಿಲ್ಲಿಸುತ್ತಾರೆ. "ಅಂಕಲ್, ಹೀಗೇ ನಿಲ್ತಾ ಹೋದ್ರೆ ಮುಂದಿನ ಯುಗಾದಿಗೆ ತಲುಪ್ತೀವಿ" ಎಂದು ಪಕ್ಕದ ಬೀದಿಯ ಇಶಾ ಛೇಡಿಸಿದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಒಂದು ಕಾಲಕ್ಕೆ ಅವರು ಐದು ನಿಮಿಷ ತಡವಾದರೂ ಸಹಿಸದ ಮನುಷ್ಯ. ಆರು ವರ್ಷದ ಹಿಂದೆ, ಇದೇ ಯುಗಾದಿಗೆ, ಆ ನೇರ ದಾರಿಯಲ್ಲಿ ಹೆಂಡತಿ ನೀರಜಾ ಪಕ್ಕದ ಸೀಟಿನಿಂದ, "ಸ್ವಲ್ಪ ನಿಲ್ಲಿಸ್ರೀ, ಎದೆ ಯಾಕೋ ಹಿಂಡ್ತಿದೆ" ಅಂದಿದ್ದರು. "ಇನ್ನೊಂದೇ ಗಂಟೆ ಕಣೇ, ದೀಪ ಬೆಳಗೋದು ತಪ್ಪಿಹೋಗುತ್ತೆ" ಅಂದಿದ್ದರು ಇವರು. ಹೇಳಿದ ಹೊತ್ತಿಗೆ ಸರಿಯಾಗಿ ತಲುಪಿದರು. ಸೀಟಿಗೆ ಒರಗಿದ್ದ ನೀರಜಾ ಮತ್ತೆ ಏಳಲಿಲ್ಲ. ಸಹಾಯಕ್ಕೆ ಜನರನ್ನು ಕೂಗುತ್ತಾ ಇವರು ಕೂಟದ ಸಭಾಂಗಣದೊಳಗೆ ಓಡಿದಾಗ, ವೇದಿಕೆಯ ಮೇಲಿನ ದೀಪಕ್ಕೆ ಇನ್ನೂ ಎಣ್ಣೆಯನ್ನೇ ಹಾಕಿರಲಿಲ್ಲ.